ಬರಿಗಾಲಿನ ಅಕ್ಷರಗಳು

ಜೂನ್ ೧೪

ಪ್ರೀತಿಯ ತಂಗಿಗೆ,

ಅಣ್ಣನ ನೆನಪುಗಳು. ಹೇಗಿದ್ದೀಯ ಎಂದು ಕೇಳಲು ಧೈರ್ಯ ಸಾಲದು, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದಷ್ಟೇ ಕೇಳುತ್ತೇನೆ. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ನೀನು ಫೋನು ಎತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾಗದವೇ ಗತಿ ಎಂದು ತಿಳಿಯಿತು. ಆದರೆ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕೂತು ಬೇರೆಯವರ ಕರಡು ತಿದ್ದಿದವನಿಗೆ ತನ್ನದೇ ನಾಲ್ಕು ಸಾಲು ಬರೆಯುವುದು ಎಷ್ಟು ಕಷ್ಟ ಗೊತ್ತಾ? ಮೂರು ಸಲ ಶುರು ಮಾಡಿದೆ. ಮೂರು ಸಲವೂ ಮೊದಲ ವಾಕ್ಯದಲ್ಲೇ ತಪ್ಪು ಹುಡುಕುತ್ತಾ ಕೂತುಬಿಟ್ಟೆ.

ನಿನ್ನ ಮಗಳು ನನ್ನ ಹತ್ತಿರ ಬಂದು ಹನ್ನೊಂದು ವಾರವಾಯಿತು. ಭಾವ ಅವಳ ಪೆಟ್ಟಿಗೆ ಇಳಿಸಿ, "ಸ್ವಲ್ಪ ದಿನ ನಿಮ್ಮ ಹತ್ರಾನೇ ಇರಲಿ, ಇವಳ ಮುಖ ನೋಡಿದ್ರೆ ಅವಳಿಗೆ ತಡೆಯಕ್ಕಾಗ್ತಿಲ್ಲ" ಎಂದು ಹೇಳಿ ತಮ್ಮ ಹಡಗಿನ ಕೆಲಸಕ್ಕೆ ಹೊರಟುಹೋದರು. ಆ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹದಿನಾರು ವರ್ಷದ ಹುಡುಗಿಗೆ ಕಿವಿ ಚುರುಕಾಗೇ ಇರುತ್ತದೆ.

ನಮ್ಮ ಪ್ರೆಸ್ಸು ನಿನಗೆ ಗೊತ್ತೇ ಇದೆ. ಕೆಳಗೆ ಮೆಷಿನ್ನು ಮತ್ತು ಕಾಗದದ ಕೋಣೆ, ಮೇಲೆ ಬೈಂಡಿಂಗು, ನನ್ನ ಮೇಜು, ಅದರ ಹಿಂದೆ ನನ್ನ ಎರಡು ಕೋಣೆ. ನಡುವೆ ಇಪ್ಪತ್ತೆರಡು ಕಬ್ಬಿಣದ ಮೆಟ್ಟಿಲು. ಬಂದ ದಿನ ಅವಳು ಮೊದಲನೇ ಮೆಟ್ಟಿಲ ಮುಂದೆ ನಿಂತಳು, ಅಲ್ಲೇ ಕೂತುಬಿಟ್ಟಳು. ಅಂದಿನಿಂದ ಅವಳ ಹಾಸಿಗೆ ಕಾಗದದ ಕೋಣೆಯಲ್ಲಿ, ರೀಮುಗಳ ಮಧ್ಯೆ. ನಾನೂ ಕರಡುಗಳನ್ನು ಕೆಳಗೆ ತಂದು ಅವಳ ಪಕ್ಕ ಕೂರುತ್ತೇನೆ. ಅವಳು ಮೂಲಪ್ರತಿ ಜೋರಾಗಿ ಓದುತ್ತಾಳೆ, ನಾನು ಕರಡಿನಲ್ಲಿ ತಿದ್ದುತ್ತೇನೆ. ಅವಳು ಬಾಯಿ ಬಿಡುವುದು ಆಗ ಮಾತ್ರ. ಬೇರೆಯವರ ಮಾತಾದರೆ ಓದುತ್ತಾಳೆ, ತನ್ನದು ಒಂದೂ ಇಲ್ಲ.

ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮೊದಲ ದಿನ ಎಲ್ಲವನ್ನೂ ನಾನೇ ಹೇಳಬೇಕಾಯಿತು. ಮಾರ್ಚಿನಲ್ಲಿ ಅಕ್ಕ ತಮ್ಮ ಇಬ್ಬರೇ ವಸ್ತುಪ್ರದರ್ಶನಕ್ಕೆ ಹೋದದ್ದು, ಸಂಜೆ ದೀಪ ಹೋಗಿ ಮೂರನೇ ಮಹಡಿಯ ಜನವೆಲ್ಲ ಒಂದೇ ಸಲ ಮೆಟ್ಟಿಲಿಗೆ ನುಗ್ಗಿದ್ದು, ದೀಪ ಬಂದಾಗ ಇವಳು ಕೆಳಗಿದ್ದದ್ದು, ನಮ್ಮ ಚಿಕ್ಕವನು ಮೆಟ್ಟಿಲ ಮೇಲೆ ಉಳಿದುಹೋದದ್ದು. ಆರು ವರ್ಷದ ಮಗು. ಆಸ್ಪತ್ರೆಯಲ್ಲಿ ನೀನು ಇವಳನ್ನು ಕೇಳಿದ್ದನ್ನೂ ಹೇಳಿದೆ: "ಕೈ ಯಾಕೆ ಬಿಟ್ಟೆ?" ಅದಾದ ಮೇಲೆ ನೀನು ಅವಳ ಜೊತೆ ಮಾತಾಡಿಲ್ಲ. ಮಾಮ ಬರುವ ತನಕ ಕಾಯದೆ ಹಟ ಮಾಡಿ ತಾನೇ ಹೊರಟಳು ಎಂಬುದು ನಿನ್ನ ಹೊಟ್ಟೆಯುರಿ, ನನಗೆ ಗೊತ್ತು. ಅದು ಈಗ ಬೇಡ.

ಡಾಕ್ಟರಮ್ಮ ಹೇಳಿದ್ದು ಇಷ್ಟು: "ದೊಡ್ಡ ಗುಣ ಯಾವಾಗ ಆಗತ್ತೆ ಅಂತ ಕಾಯಬೇಡಿ. ಸಣ್ಣದು ಆದಾಗ ಗುರುತು ಹಾಕಿ. ಒಂದು ಹೆಜ್ಜೆ ಇಟ್ಟರೂ ಸಂಭ್ರಮ ಮಾಡಿ. ಆದರೆ ಯಾವುದು ಹೆಜ್ಜೆ ಅಂತ ಅವಳೇ ಹೇಳಲಿ." ಗುರುತು ಹಾಕುವುದು ನನ್ನ ಕಸುಬು ತಾನೇ, ಇದೇನು ಮಹಾ ಎಂದುಕೊಂಡು ಬಂದೆ. ಕಳೆದ ಸೋಮವಾರ ಅವಳು ತಾನಾಗಿ ಮೂರು ಮೆಟ್ಟಿಲು ಹತ್ತಿ ಇಳಿದಳು. ನನಗೆ ತಡೆಯಲಾಗಲಿಲ್ಲ. ಮರುದಿನ ಬೈಂಡಿಂಗ್ ಅಕ್ಕನಿಗೆ ಹೇಳಿ ಬಣ್ಣದ ಕಾಗದದ ಮಾಲೆ ಮಾಡಿಸಿದೆ, ಬೇಕರಿಯಿಂದ ಕೇಕು ತರಿಸಿದೆ. ಅಕ್ಕನಿಗೋ ತಮಾಷೆ. "ಎಲ್ಲರ ಮನೇಲಿ ಪಾಸಾದ್ರೆ ಕೇಕು, ನಮ್ಮ ಸಾರ್ ಮೂರು ಮೆಟ್ಟಿಲಿಗೇ ತರಿಸಿಬಿಟ್ರು" ಎಂದಳು. ಮೇಲಿದ್ದ ಏಳೆಂಟು ಜನ ಖುಷಿಯಾಗಿ ಚಪ್ಪಾಳೆ ತಟ್ಟುತ್ತಾ ಒಟ್ಟಿಗೆ ಆ ಕಬ್ಬಿಣದ ಮೆಟ್ಟಿಲು ಇಳಿದರು.

ಆ ಸದ್ದು ನೀನು ಊಹಿಸಿಕೋ. ನಾನು ಊಹಿಸಿರಲಿಲ್ಲ. ಎರಡು ದಿನ ಅವಳು ರೀಮುಗಳ ಸಂದಿಯಿಂದ ಹೊರಗೆ ಬರಲಿಲ್ಲ. ಬುದ್ಧಿ ಇರುವ ಯಾರಾದರೂ ಹಾಗೆ ಮಾಡುತ್ತಾರಾ? ಪುಸ್ತಕದಲ್ಲಿ ಒಂದು ಕೊಂಬು ಬಿಟ್ಟುಹೋದರೆ ಹಿಡಿಯುವ ಕಣ್ಣು ನನ್ನದು, ಎದುರಿಗಿರುವ ಮಗುವಿನ ವಿಷಯದಲ್ಲಿ ಕುರುಡಾಯಿತು. ಮೂರನೇ ದಿನ ಅವಳೇ ಬಂದು ನನ್ನ ಪೆನ್ಸಿಲ್ಲು ತೆಗೆದುಕೊಂಡು, ಮೂರನೇ ಮೆಟ್ಟಿಲ ಪಕ್ಕದ ಗೋಡೆಗೆ ಒಂದು ಸಣ್ಣ ಗೆರೆ ಎಳೆದಳು. "ಇಷ್ಟು ಸಾಕು ಮಾಮ" ಎಂದಳು. ಆಮೇಲೆ, "ಅಮ್ಮ ಚೀಟಿ ಬರೀತಾರಾ?" ಎಂದು ಕೇಳಿದಳು.

ನಿನ್ನ ಚೀಟಿಗಳು. ಹಲ್ಲು ಬಿದ್ದರೆ ಚೀಟಿ, ಸೈಕಲ್ಲು ಕಲಿತರೆ ಚೀಟಿ, ದಿಂಬಿನ ಕೆಳಗೆ. ಸಂಭ್ರಮಕ್ಕೆ ಗುರುತು ಹಾಕುವುದನ್ನು ಡಾಕ್ಟರಮ್ಮನಿಗಿಂತ ಮೊದಲು ಈ ಮಕ್ಕಳಿಗೆ ಕಲಿಸಿದವಳು ನೀನೇ. ನಿನ್ನ ಒತ್ತಕ್ಷರದ ಜಗಳ ನೆನಪಿದೆಯಾ? ಮಗಳನ್ನು "ಗುಬ್ಬಚ್ಚಿ" ಎಂದು ಕರೆಯುವವಳು ಬರೆಯುವಾಗ "ಗುಬಚಿ" ಎಂದು ಬರೆಯುತ್ತಿದ್ದೆ. ಕೊನೆಗೆ ಸಹಿಯೂ "ಅಮ". ಅಕ್ಷರದ ಕೆಳಗಿನ ಒತ್ತು ಅದರ ಚಪ್ಪಲಿ, ನಿನ್ನ ಅಕ್ಷರಗಳೆಲ್ಲ ಬರಿಗಾಲಲ್ಲಿ ಓಡಾಡುತ್ತವೆ ಎಂದು ನಾನು ಎಷ್ಟು ಗೋಳು ಹೊಯ್ದುಕೊಂಡಿದ್ದೇನೋ.

ಬರೆ. ಒಂದೇ ಸಾಲು ಸಾಕು.

ಇಂತಿ ನಿನ್ನ ಅಣ್ಣ

ಮರೆತಿದ್ದೆ: ಅವಳು ಹಾಗೆ ಕೇಳಿದಾಗ ನನ್ನ ನಾಲಿಗೆ ಜಾರಿ, ಶನಿವಾರದೊಳಗೆ ಅಮ್ಮನ ಚೀಟಿ ಬರುತ್ತದೆ ಎಂದುಬಿಟ್ಟಿದ್ದೇನೆ. ನನ್ನ ಮಾನ ಉಳಿಸು.

ಆಗಸ್ಟ್ ೩೦

ತಂಗಿ,

ನಿನ್ನಿಂದ ಕಾಗದ ಬರಲಿಲ್ಲ. ಎರಡು ಶನಿವಾರ ಅಂಚೆಯವನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದೆ. "ಸಾರ್, ಇದ್ರೆ ನಾನೇ ಕೊಡಲ್ವಾ" ಎಂದು ಅವನಿಗೂ ಬೇಸರವಾಯಿತು. ನಾನು ಬರೆಯಲು ಇಷ್ಟು ದಿನ ಮಾಡಿದ್ದಕ್ಕೆ ಕ್ಷಮೆ ಕೇಳಬೇಕು, ಆದರೆ ಈ ಸಲ ಕೇಳುವುದಿಲ್ಲ. ಸಿಟ್ಟು ಬಂದಿತ್ತು. ಮಗನನ್ನು ಕಳೆದುಕೊಂಡವಳ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ ಎಂದು ನನಗೇ ಬುದ್ಧಿ ಹೇಳಿಕೊಂಡೆ. ಆದರೂ ಬಂತು.

ಹಾಗಾಗಿ ಹೇಳಿಬಿಡುತ್ತೇನೆ. ನಿನ್ನ ಚೀಟಿ ನಾನೇ ಬರೆದೆ. ನಿನ್ನ ಹಳೆಯ ಕಾಗದ ಎದುರಿಗಿಟ್ಟುಕೊಂಡು, ಆ ದುಂಡು ಅಕ್ಷರ, ಎಡಕ್ಕೆ ವಾಲುವ ಸಾಲು, ಎಲ್ಲ ಒಂದು ಸಂಜೆಯೆಲ್ಲ ಅಭ್ಯಾಸ ಮಾಡಿ ಬರೆದೆ. "ಮೂರು ಮೆಟ್ಟಿಲು ಹತ್ತಿದೆಯಂತೆ. ಶಾಬಾಸ್." ಅವಳ ದಿಂಬಿನ ಕೆಳಗೆ ಇಟ್ಟೆ. ಬೆಳಿಗ್ಗೆ ಅವಳು ಅದನ್ನು ಓದುವಾಗ ಕಾಗದ ಎಣಿಸುವ ನೆಪದಲ್ಲಿ ಬಾಗಿಲಲ್ಲಿ ನಿಂತು ಮುಖ ನೋಡಿದೆ. ಬಹಳ ಹೊತ್ತು ಓದಿದಳು. ಒಂದೇ ಸಾಲನ್ನು ಅಷ್ಟು ಹೊತ್ತು ಓದುವವರನ್ನು ನಾನು ಕಂಡಿಲ್ಲ. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. ತಂಗಿ, ಮಾರ್ಚಿನಿಂದ ಮೊದಲ ನಗು ಅದು. ಅದಕ್ಕಾಗಿ ನಾನು ಇನ್ನೂ ಹತ್ತು ಸುಳ್ಳು ಬರೆದೇನು.

ಬರೆದೂ ಬರೆದೆ. ಗೋಡೆಯ ಮೇಲೆ ಈಗ ಬೇಕಾದಷ್ಟು ಗೆರೆಗಳಿವೆ. ಹನ್ನೊಂದನೇ ಮೆಟ್ಟಿಲಿಗೆ, ಅಂದರೆ ನಡುವಿನ ತಿರುವಿಗೆ ಬಂದ ದಿನಕ್ಕೊಂದು ಚೀಟಿ. ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ ದಿನಕ್ಕೊಂದು. ಮಧ್ಯೆ ಹತ್ತು ದಿನ ಹಿಂದಕ್ಕೆ ಹೋದಳು, ನಾಲ್ಕನೇ ಮೆಟ್ಟಿಲು ದಾಟಲಾಗಲಿಲ್ಲ. ಗೆರೆಗಳನ್ನೆಲ್ಲ ಅಳಿಸುತ್ತೇನೆ ಎಂದು ರಬ್ಬರು ಹಿಡಿದು ಕೂತಳು. ಡಾಕ್ಟರಮ್ಮ, "ಹತ್ತಿದ್ದು ಹತ್ತಿದ್ದೇ. ಮತ್ತೆ ಕೆಳಗೆ ಬಂದೆ ಅಂತ ಅದು ಸುಳ್ಳಾಗಲ್ಲ" ಎಂದರು. ಆ ಮಾತು ನನಗೂ ಬೇಕಿತ್ತು.

ಒಂದು ಸಂಭ್ರಮ ಮಾತ್ರ ನನಗೆ ತೋಚಿರಲೇ ಇಲ್ಲ. ಕಾಗದಕ್ಕೆ ಧೂಳು ಹತ್ತಬಾರದೆಂದು ಎಲ್ಲರೂ ಚಪ್ಪಲಿ ಕೆಳಗೆ ಬಿಟ್ಟು ಹತ್ತುತ್ತಾರಲ್ಲ, ಬೆಳಿಗ್ಗೆ ಎದ್ದು ಅವುಗಳನ್ನು ಗೋಡೆಯ ಪಕ್ಕ ಜೋಡಿ ಜೋಡಿಯಾಗಿ ಸಾಲಾಗಿ ಇಡುವುದು ಅವಳ ಕೆಲಸವಾಗಿದೆ. ಮೆಟ್ಟಿಲ ಮೇಲೆ ಒಂಟಿ ಚಪ್ಪಲಿ ಕಂಡರೆ ಅವಳಿಗೆ ಉಸಿರು ಕಟ್ಟುತ್ತದೆ, ಆ ಸಂಜೆ ನೂಕುನುಗ್ಗಲು ಮುಗಿದ ಮೇಲೆ ಆ ಮೆಟ್ಟಿಲ ಮೇಲೆ ಏನು ಬಿದ್ದಿತ್ತೆಂದು ನಿನಗೆ ಹೇಳಬೇಕಿಲ್ಲ. ಮೊನ್ನೆ ಮೆಷಿನ್ನಿನವನು ಅವಸರದಲ್ಲಿ ಎರಡನೇ ಮೆಟ್ಟಿಲಲ್ಲೇ ಬಿಟ್ಟು ಹೋದ. ಅವಳು ಕೆಳಗೆ ನಿಂತು, "ಯಾರದ್ರೀ ಇದು? ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ಇಡೀ ಪ್ರೆಸ್ಸಿಗೆ ಕೇಳುವ ಹಾಗೆ ಕೂಗಿದಳು. ಆ ಮನುಷ್ಯ ಬಂದು ಎತ್ತಿಟ್ಟ. ಅವಳೇ ಹೋಗಿ ಗೋಡೆಗೆ ಗೆರೆ ಎಳೆದಳು. "ಬೈದಿದ್ದಕ್ಕೂ ಗೆರೇನಾ?" ಎಂದೆ. "ಹೂಂ. ಭಯ ಆಗ್ಲಿಲ್ಲ, ಸಿಟ್ಟು ಬಂತು" ಎಂದಳು. ಸಿಟ್ಟಿನ ಹೆಸರಿನಲ್ಲಿ ಎಲ್ಲರೂ ಒಂದೊಂದು ಬನ್ನು ತಿಂದೆವು, ಬೈಸಿಕೊಂಡವನಿಗೆ ಎರಡು.

ಹತ್ತುವಾಗ ಅವಳದೊಂದು ಕಟ್ಟಳೆ ಇದೆ. ಯಾರೂ ಕೈ ಹಿಡಿಯಬಾರದು. ನಾನು ಎರಡು ಮೆಟ್ಟಿಲು ಕೆಳಗೆ ನಿಂತು ಹಿಂದೆ ಬರಬೇಕು, ಅಷ್ಟೇ. ಮೊನ್ನೆ ತಿರುವಿನಲ್ಲಿ ಕೂತು, "ನಮ್ಮನೆಗೆ ಎಷ್ಟು ಮೆಟ್ಟಿಲು ಮಾಮ? ನಾಲ್ಕು ಮಹಡಿ, ಒಂದೊಂದಕ್ಕೆ ಎಂಟೆಂಟರ ಎರಡು ಸಾಲು. ಅರವತ್ತನಾಲ್ಕು ಅಲ್ವಾ?" ಎಂದಳು. ಏನೋ ಲೆಕ್ಕ ಬಿಡಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ನಿನಗೆ ಒಳ್ಳೆಯದಾಗಲಿ. ಉಣ್ಣು, ಮಲಗು.

ನಿನ್ನ ಅಣ್ಣ

ಕೊನೆಗೊಂದು ಮಾತು: ಚೀಟಿಯ ವಿಷಯದಲ್ಲಿ ಹೆದರಬೇಡ. ಕೊಡುವ ಮೊದಲು ಒಂದೊಂದನ್ನೂ ಮೂರು ಸಲ ಓದಿ ನೋಡಿದ್ದೇನೆ. ಒಂದೇ ಒಂದು ತಪ್ಪಿಲ್ಲ. ಅವಳಿಗೆ ಅನುಮಾನವೇ ಬಂದಿಲ್ಲ.

ನವೆಂಬರ್ ೧೯

ಪ್ರೀತಿಯ ತಂಗಿಗೆ,

ಅಣ್ಣನ ನಮಸ್ಕಾರ. ನಮಸ್ಕಾರ ಯಾಕೆಂದು ಆಮೇಲೆ ಹೇಳುತ್ತೇನೆ. ಇಷ್ಟು ದಿನ ಬರೆಯದೆ ಇದ್ದದ್ದು ಕೆಲಸದಿಂದಲ್ಲ, ಮುಖವಿಲ್ಲದೆ.

ಸೋಮವಾರ ಅವಳು ಇಪ್ಪತ್ತೆರಡೂ ಹತ್ತಿದಳು. ಮಧ್ಯಾಹ್ನ ಊಟಕ್ಕೆಂದು ಮೆಷಿನ್ನು ನಿಂತಿತ್ತು, ಅವಳು ಆ ಹೊತ್ತನ್ನೇ ಆರಿಸಿಕೊಂಡಿದ್ದಳು. ನಾನು ಎರಡು ಮೆಟ್ಟಿಲು ಕೆಳಗೆ. ಹತ್ತೊಂಬತ್ತರಲ್ಲಿ ನಿಂತು ಗೋಡೆಗೆ ಅಂಗೈ ಒತ್ತಿಕೊಂಡಳು. ಕತ್ತಿನ ಹಿಂದೆ ಬೆವರು ಇಳಿಯುವುದು ಕಾಣುತ್ತಿತ್ತು. ನನ್ನ ಕೈ ತಾನಾಗೇ ಮೇಲೆದ್ದಿತು. ಅವಳು ತಿರುಗದೆಯೇ, "ಬೇಡ ಮಾಮ" ಎಂದಳು. ಆಮೇಲೆ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಮೇಲೆ ಬೈಂಡಿಂಗ್ ಅಕ್ಕ ಒಬ್ಬಳೇ ಇದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿದ್ದ ಹೊಲಿಗೆಯ ಸೂಜಿ ಕೆಳಗಿಟ್ಟು, ತನ್ನ ಡಬ್ಬಿಯ ಅರ್ಧ ಊಟ ಮುಚ್ಚಳಕ್ಕೆ ಹಾಕಿ ಅವಳ ಮುಂದೆ ಇಟ್ಟಳು. ಅಂಥ ಸಂಭ್ರಮ ನನ್ನ ತಲೆಗೆ ಹೊಳೆಯುವುದಿಲ್ಲ.

ಊಟ ಮುಗಿಸಿ ಅವಳು ನನ್ನ ಮೇಜಿನ ಹತ್ತಿರ ಬಂದಳು. ಜೇಬಿನಿಂದ ನಾಲ್ಕು ಚೀಟಿ ತೆಗೆದು, ಒಂದರ ಪಕ್ಕ ಒಂದು ಇಟ್ಟು, "ಕರಡು ತಿದ್ದಿದೀನಿ, ನೋಡು" ಎಂದಳು.

ನಾನು ನಿನ್ನ ಹೆಸರಲ್ಲಿ ಬರೆದ ಚೀಟಿಗಳು. ನನ್ನದೇ ಕೆಂಪು ಶಾಯಿ, ನಾನೇ ಕಲಿಸಿದ ಗುರುತು. "ಗುಬ್ಬಚ್ಚಿ"ಯ ಎರಡೂ ಒತ್ತಿಗೆ ಸುತ್ತು ಹಾಕಿ ಹೊಡೆದಿದ್ದಳು. "ಅಮ್ಮ"ದ ಒತ್ತಿಗೂ. "ಮೆಟ್ಟಿಲು" "ಹತ್ತಿದೆ" ಯಾವುದನ್ನೂ ಬಿಟ್ಟಿರಲಿಲ್ಲ. ಪಕ್ಕದ ಅಂಚಿನಲ್ಲಿ ಪ್ರತಿಯೊಂದಕ್ಕೂ "ತೆಗೆ" ಎಂದು ಹೇಳುವ ಸುರುಳಿ ಗುರುತು, ಅಚ್ಚುಕಟ್ಟಾಗಿ. ನಾಲ್ಕು ಚೀಟಿಯ ಚಪ್ಪಲಿಗಳನ್ನೆಲ್ಲ ಬಿಚ್ಚಿ ಹೊರಗಿಟ್ಟಿದ್ದಳು.

ನಿನ್ನ ದುಂಡು ಅಕ್ಷರ, ನಿನ್ನ ವಾಲುವ ಸಾಲು, ಎಲ್ಲ ಕದ್ದಿದ್ದೆ. ಆದರೆ ಮೂವತ್ತು ವರ್ಷದ ಅಭ್ಯಾಸ, ಈ ಕೈ ನನ್ನನ್ನು ಕೇಳದೆ ಒತ್ತು ಹಾಕಿಕೊಂಡು ಹೋಗಿತ್ತು. ಮೂರು ಸಲ ಓದಿಯೂ ನನಗೆ ಕಾಣಲಿಲ್ಲ, ಯಾಕೆಂದರೆ ನಾನು ಹುಡುಕುತ್ತಿದ್ದದ್ದು ತಪ್ಪನ್ನು.

"ಯಾವಾಗ ಗೊತ್ತಾಯ್ತು?" ಎಂದೆ.

"ಮೊದಲ್ನೇ ದಿನಾನೇ."

"ಮತ್ತೆ ನಕ್ಕಿದ್ದು?"

"ನೀನು ಬಾಗಿಲಲ್ಲಿ ನಿಂತು ನೋಡ್ತಿದ್ದೆ ಮಾಮ. ಕಾಗದ ಎಣಿಸ್ತಿದ್ದೀಯ ಅಂತ ನಾಟಕ ಬೇರೆ. ನಗದೇ ಇದ್ರೆ ನಿನಗೆ ಎಷ್ಟು ಬೇಜಾರಾಗ್ತಿತ್ತು."

ಯೋಚಿಸು ತಂಗಿ. ಎಂಟು ತಿಂಗಳು ಇವಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಅಮ್ಮನ ಚೀಟಿ ಬರಲಿಲ್ಲ ಎಂಬುದನ್ನು ಪ್ರತಿಸಲವೂ ಓದಿ ತಿಳಿದುಕೊಂಡು, ಅದನ್ನು ಒಳಗೇ ನುಂಗಿ, ನನಗೋಸ್ಕರ ನಕ್ಕಿದ್ದಾಳೆ. ಅದಕ್ಕೆ ಗೋಡೆಯ ಮೇಲೆ ಗೆರೆ ಎಳೆದವರು ಯಾರು?

ಆಮೇಲೆ ಅವಳು ಹೇಳಿದ ಮಾತಿಗಾಗಿಯೇ ಈ ಕಾಗದ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ನಿನ್ನ ಮನೆಗೆ ಬರುತ್ತಾಳೆ. ಆ ಅರವತ್ತನಾಲ್ಕು ನಿನ್ನ ಮೆಟ್ಟಿಲು. ಜೂನ್‌ನಿಂದ ಅವಳು ಹತ್ತುತ್ತಿದ್ದದ್ದು ನನ್ನ ಪ್ರೆಸ್ಸಿನ ಮಹಡಿಯನ್ನಲ್ಲ, ನಿನ್ನ ಮನೆಯನ್ನು. ನಾನು ದಡ್ಡ, "ಲಿಫ್ಟ್ ಇದೆಯಲ್ಲೇ" ಎಂದೆ. "ಲಿಫ್ಟಲ್ಲಿ ಹೋದ್ರೆ ಹೋದ ಹಾಗಲ್ಲ" ಎಂದಳು. "ಅಮ್ಮ ಬಾಗಿಲು ತೆಗೀದೇ ಇದ್ರೆ?" ಎಂದು ಕೇಳಿಬಿಟ್ಟೆ, ಕೇಳಬಾರದಿತ್ತು. ಅವಳು ಹೇಳಿದಳು: "ಬಾಗಿಲ ತನಕ ಹೋಗೋದು ನನ್ನ ಕೆಲಸ. ಪಕ್ಕದ ಗೋಡೆಗೆ ಒಂದು ಗೆರೆ ಎಳೆದು ವಾಪಸ್ ಬರ್ತೀನಿ. ಹತ್ತಿದ್ದು ಹತ್ತಿದ್ದೇ."

ಬಾಗಿಲು ತೆಗೆ ಎಂದು ಆಣೆ ಹಾಕುವುದಿಲ್ಲ. ನಿನ್ನ ದುಃಖದ ಅಳತೆ ನನಗೆ ಗೊತ್ತಿಲ್ಲ. ತೆಗೆಯಲಾಗದಿದ್ದರೆ ಬಾಗಿಲ ಕೆಳಗಿಂದ ಒಂದು ಚೀಟಿ ತಳ್ಳು. ನಿನ್ನ ಕೈಯಿಂದ, ಎಷ್ಟು ತಪ್ಪಿದ್ದರೂ ಸರಿ. ತಪ್ಪಿದ್ದರೇ ಸರಿ.

ಹೊಟ್ಟೆ ತುಂಬ ಉಣ್ಣುವ ಹಾಗಾಗಲಿ, ಕಣ್ಣು ತುಂಬ ನಿದ್ದೆ ಬರಲಿ. ನಮ್ಮ ಚಿಕ್ಕವನ ಹೆಸರು ಹೇಳಿ ನೀವಿಬ್ಬರೂ ಒಟ್ಟಿಗೆ ಅಳುವ ದಿನ ಬೇಗ ಬರಲಿ. ಅಣ್ಣನ ಆಶೀರ್ವಾದ ಇನ್ನೂ ನಿನಗೆ ಬೇಕಿದ್ದರೆ, ಅದು ಯಾವಾಗಲೂ ಇದೆ.

ನಿನ್ನ ಅಣ್ಣ

ಬರೆದು ಮುಗಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದಿದ್ದೇನೆ. ಮೊದಲು ನಮಸ್ಕಾರ ಬರೆದದ್ದು ಇದಕ್ಕೆ.

ವಸ್ತುಪ್ರದರ್ಶನದ ಆ ದಿನ ಐದು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಬರಬೇಕಾದವನು ನಾನು. ನನ್ನ ಮೇಜಿನ ಮೇಲೆ ಒಂದು ಪುಸ್ತಕದ ಕೊನೆಯ ಕರಡು ಇತ್ತು, ಇನ್ನೂ ಎಂಟು ಪುಟ. ನಾಲ್ಕೂ ಮುಕ್ಕಾಲಿಗೆ ಅವಳೇ ಫೋನು ಮಾಡಿ, "ಮಾಮ, ಇಲ್ಲಿ ತುಂಬ ಜನ, ಬೇಗ ಬಾ" ಎಂದಿದ್ದಳು. "ದೊಡ್ಡವಳಾಗಿದೀಯ, ತಮ್ಮನ ಕೈ ಗಟ್ಟಿಯಾಗಿ ಹಿಡ್ಕೊಂಡು ಕೆಳಗಿಳಿದು ಬಸ್ಸು ಹತ್ತು" ಎಂದು ನಾನು ಹೇಳಿದೆ. ಆಸ್ಪತ್ರೆಯಲ್ಲಿ ನೀನು, "ಯಾಕಣ್ಣ ಹೋಗ್ಲಿಲ್ಲ?" ಎಂದಾಗ, "ಹೊರಟಿದ್ದೆ, ಅವಳೇ ಬೇಡ ಅಂದ್ಲು, ನಾವೇ ಬರ್ತೀವಿ ಅಂತ ಹಟ ಮಾಡಿದ್ಲು" ಎಂದುಬಿಟ್ಟೆ. ಅವಳು ಪಕ್ಕದ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಕೇಳಿಸಿಕೊಂಡಳು. ಒಂದು ಮಾತು ಆಡಲಿಲ್ಲ. ಇವತ್ತಿನವರೆಗೂ ಆಡಿಲ್ಲ.

ಸೋಮವಾರ ಆ ಕೆಂಪು ಚೀಟಿಗಳ ಮುಂದೆ ಕೂತು ನಾನೇ ಕೇಳಿದೆ, ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು. "ಅಮ್ಮಂಗೆ ಚಿಕ್ಕವನು ಹೋದ. ನಾನೂ ಬೇಡವಾದೆ. ನೀನೂ ಹೋದ್ರೆ ಅಮ್ಮಂಗೆ ಯಾರಿದಾರೆ ಮಾಮ?" ಎಂದಳು.

ಕೈ ಬಿಟ್ಟವಳು ಅವಳಲ್ಲ ತಂಗಿ. ಇಬ್ಬರನ್ನೂ ಕೈಬಿಟ್ಟವನು ನಾನು. ಭಾನುವಾರ ನೀನು ಬಾಗಿಲು ತೆಗೆದರೆ, ಆ ಪ್ರಶ್ನೆಯನ್ನು ಎರಡು ಮೆಟ್ಟಿಲು ಕೆಳಗೆ ನಿಂತವನನ್ನು ಕೇಳು.